ಅಜ್ಜಿಯ ಸೀಸೆ, ಅಮ್ಮನ ಉಸಿರು

ನಮ್ಮ ಮನೆಯ ನೀಲಗಿರಿ ಎಣ್ಣೆಯ ಸೀಸೆ ತೆಗೆಯುವಾಗ ಬರುವ ಸದ್ದನ್ನು ಬಾಯಲ್ಲಿ ಮಾಡುವುದಕ್ಕೆ ನಾನು ಒಂದು ಇಡೀ ಬೇಸಿಗೆ ರಜೆ ಸುರಿದಿದ್ದೇನೆ. ನಾಲಿಗೆಯನ್ನು ಅಂಗುಳಿಗೆ ಅಂಟಿಸಿ, ಒಳಗಿನ ಗಾಳಿಯನ್ನೆಲ್ಲ ಹೀರಿಕೊಂಡು, ಒಮ್ಮೆಲೇ ಬಿಡಬೇಕು. ಪಟ್. ಬಿರಡೆ ಸೀಸೆಯ ಕತ್ತಿನಿಂದ ಹೊರಬಂತು ಎಂದೇ ಕೇಳಿದವರು ನಂಬಬೇಕು. ಬೇರೆ ಹುಡುಗರು ಆ ರಜೆಯಲ್ಲಿ ಈಜು, ಕರಾಟೆ, ಕಂಪ್ಯೂಟರ್ ಕಲಿತರು; ನಾನು ಬಿರಡೆ ಕಲಿತೆ. ಹನ್ನೊಂದನೇ ವಯಸ್ಸಿಗೆ ನನ್ನ ವಿದ್ಯೆಗಳು ಇಷ್ಟು: ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದ ಅಪ್ಪನ ವಿಸಿಲ್, ನಲ್ಲಿಯಲ್ಲಿ ನೀರಿಗಿಂತ ಮೊದಲು ಬರುವ ಗಾಳಿಯ ಗೊರಗೊರ, ಗಣಿತದ ಮೇಷ್ಟ್ರು ಮೂಗಿನಿಂದ ಹೇಳುವ ‘ಅರ್ಥ ಆಯ್ತೇನಪ್ಪ’, ಮತ್ತು ಅಮ್ಮನ ಉಬ್ಬಸ. ಕೊನೆಯದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅದಕ್ಕೇ ಕೊನೆಗೆ ಹಾಕಿದ್ದೇನೆ.

ಮನೆ ಇದ್ದದ್ದು ಸಿದ್ದಾಪುರದ ಒಂದು ಸಂದಿಯಲ್ಲಿ. ರೈಲಿನ ಬೋಗಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದು ಅಪ್ಪನ ಮಂಚದ್ದು, ನಡುವಿನದು ಅಜ್ಜಿಯದು, ನನ್ನದು ಮತ್ತು ಟೀವಿಯದು, ಕೊನೆಯದು ಅಡುಗೆಮನೆ. ನಲ್ಲಿ ಹೊರಗೆ, ಸಂದಿಯಲ್ಲಿ. ಕಿಟಕಿ ಮುಂದಿನ ಕೋಣೆಗೆ ಮಾತ್ರ. ಲಾಲ್‌ಬಾಗ್ ಅಷ್ಟು ಹತ್ತಿರವಿದ್ದರೂ ಅಲ್ಲಿನ ಗಾಳಿ ನಮ್ಮ ಕಿಟಕಿಯವರೆಗೆ ಬಂದು, ಮೊಳೆಗೆ ನೇತುಹಾಕಿದ್ದ ಖಾಕಿ ಅಂಗಿ ನೋಡಿ, ಟಿಕೆಟ್ ಕೇಳುತ್ತಾರೆಂದು ಹೆದರಿ ವಾಪಸ್ ಹೋಗುತ್ತಿತ್ತು. ಒಳಗೆ ಸೇರಿದ ವಾಸನೆಯೂ ಹಾಗೇ, ಹೊರಗೆ ಹೋಗುವ ದಾರಿ ಕಾಣದೆ ಇಲ್ಲೇ ಬಿಡಾರ ಹೂಡುತ್ತಿತ್ತು. ಒಗ್ಗರಣೆ ಹಾಕಿದರೆ ಮಾರನೆಯ ದಿನದ ನನ್ನ ಯೂನಿಫಾರ್ಮಿನಲ್ಲಿ ಇಂಗು.

ಅಜ್ಜಿ, ಅಂದರೆ ಅಪ್ಪನ ಅವ್ವ, ಗುಂಡ್ಲುಪೇಟೆ ಕಡೆಯವಳು. ಅಜ್ಜ ಬೆಟ್ಟದ ಮೇಲೆ ನೀಲಗಿರಿ ಎಲೆ ಬೇಯಿಸಿ ಎಣ್ಣೆ ಇಳಿಸುವ ಭಟ್ಟಿಯಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದನಂತೆ. ಅಜ್ಜ ತೀರಿಕೊಂಡ ಮೇಲೆ ಅವಳು ಒಂದು ಟ್ರಂಕು ಮತ್ತು ಎರಡು ಸೀಸೆ ಎಣ್ಣೆ ಹಿಡಿದು ನಮ್ಮಲ್ಲಿಗೆ ಬಂದಳು. ಎಣ್ಣೆ ಮುಗಿಯುವ ಹೊತ್ತಿಗೆ ಬೆಟ್ಟದ ಕಡೆಯ ನೆಂಟರು ಯಾರಾದರೂ ಇನ್ನೊಂದು ಸೀಸೆ ತರುತ್ತಿದ್ದರು. ಬಾಳೆಹಣ್ಣು ತಂದವರಿಗಿಂತ ಎಣ್ಣೆ ತಂದವರಿಗೆ ನಮ್ಮ ಮನೆಯಲ್ಲಿ ಕಾಫಿ ಗಟ್ಟಿ. ನೆಗಡಿಗೆ ಬಿಸಿನೀರಿನ ಹಬೆಯಲ್ಲಿ ನಾಲ್ಕು ಹನಿ, ಮಂಡಿನೋವಿಗೆ ಕೊಬ್ಬರಿ ಎಣ್ಣೆ ಬೆರೆಸಿ, ತಲೆನೋವಿಗೆ ಕರ್ಚೀಫಿನಲ್ಲಿ, ಸೊಳ್ಳೆಗೆ ಕಿಟಕಿಯ ಪರದೆಗೆ, ಇರುವೆಗೆ ಸಕ್ಕರೆ ಡಬ್ಬದ ಸುತ್ತ, ಮತ್ತು ದಿನಾ ಬೆಳಿಗ್ಗೆ ಕೆಂಪು ನೆಲ ಒರೆಸುವ ಬಕೆಟ್ಟಿಗೆ ಒಂದು ಚಮಚ. ನಾನೂ ಫಲಾನುಭವಿಯೇ. ಗಣಿತ ಟೆಸ್ಟಿನ ದಿನ ಕರ್ಚೀಫಿಗೆ ಒಂದು ಹನಿ ಹಾಕಿ ಕಣ್ಣ ಹತ್ತಿರ ಹಿಡಿದರೆ ಸಾಕು, ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಮೇಷ್ಟ್ರು ‘ಮದ್ರಾಸ್ ಐ’ ಎಂದು ದೂರದಿಂದಲೇ ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಅಜ್ಜಿ ಅದೇ ಎಣ್ಣೆಯನ್ನು ನೆತ್ತಿಗೆ ತಟ್ಟಿ ನನ್ನನ್ನು ಗುಣಪಡಿಸುತ್ತಿದ್ದಳು.

ಅವಳಿಗೆ ಮಾತ್ರ ಇದು ತಮಾಷೆಯ ವಿಷಯವಾಗಿರಲಿಲ್ಲ. ಹೆತ್ತ ಮೂರರಲ್ಲಿ ಎರಡು ಕೂಸುಗಳು ಎದೆ ಕಟ್ಟಿಕೊಂಡು ಹೋಗಿದ್ದವು. ಮೂರನೆಯದಾದ ಅಪ್ಪನಿಗೂ ಎದೆ ಕಟ್ಟಿದಾಗ ಅಜ್ಜ ಭಟ್ಟಿಯಿಂದ ಎಣ್ಣೆ ತಂದನಂತೆ, ಇವಳು ಎರಡು ದಿನ ಕೂತಲ್ಲಿಂದ ಏಳದೆ ಬೆನ್ನು ಉಜ್ಜಿದಳಂತೆ. ಅಪ್ಪ ಉಳಿದ. ಐದಡಿ ಹತ್ತಿಂಚಿನ, ಮೀಸೆ ಬಿಟ್ಟ, ಕಣ್ಣಮುಂದೆ ಓಡಾಡುವ ಪುರಾವೆ ಇದ್ದವಳ ಜೊತೆ ಯಾರು ವಾದ ಮಾಡುತ್ತಾರೆ?

ಅಜ್ಜಿ ಬಂದ ವರ್ಷವೇ ಅಮ್ಮನ ಉಬ್ಬಸ ಜೋರಾಯಿತು. ಮೊದಲೆಲ್ಲ ಚಳಿಗಾಲದಲ್ಲಿ ಒಂದಿಷ್ಟು ಕೆಮ್ಮು ಇರುತ್ತಿತ್ತು, ಅಷ್ಟೆ. ಈಗ ವಾರಕ್ಕೆ ಎರಡು ಮೂರು ಬೆಳಿಗ್ಗೆ, ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಬಿಟ್ಟು ಕಟ್ಟೆ ಹಿಡಿದು ನಿಲ್ಲುತ್ತಿದ್ದಳು. ಭುಜ ಮೇಲೇಳುತ್ತಿತ್ತು, ಕತ್ತಿನ ನರ ಬಿಗಿಯುತ್ತಿತ್ತು, ಒಳಗಿನಿಂದ ಸಣ್ಣ ಸಿಳ್ಳೆ. ಅಜ್ಜಿ ತಕ್ಷಣ ಎಣ್ಣೆ ಅಂಗೈಗೆ ಸುರಿದುಕೊಂಡು ಎದೆ, ಬೆನ್ನು ಉಜ್ಜುತ್ತಿದ್ದಳು. ಕಡಿಮೆಯಾಗದಿದ್ದರೆ ಇನ್ನಷ್ಟು ಎಣ್ಣೆ. ಅಪ್ಪ ಗಾಬರಿಯಾಗಿ ತಿರುವಿನ ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದ. ವಿಚಿತ್ರವೆಂದರೆ ಸಂದಿ ದಾಟಿ, ಕ್ಯೂನಲ್ಲಿ ಕೂತು, ಅಮ್ಮನ ಸರದಿ ಬರುವಷ್ಟರಲ್ಲಿ ಉಸಿರು ಸಲೀಸಾಗಿರುತ್ತಿತ್ತು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು, ಎದೆ ಕ್ಲಿಯರ್ ಇದೆಯಮ್ಮ, ಟೆನ್ಶನ್ ಮಾಡ್ಕೋಬೇಡಿ ಎಂದು ಬಿ ಕಾಂಪ್ಲೆಕ್ಸ್ ಬರೆದುಕೊಡುತ್ತಿದ್ದರು. ಹೀಗೆ ನಾಲ್ಕು ಸಲ ಆಯಿತು. ನಾಲ್ಕನೆಯ ಸಲ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕೂತಿದ್ದಳು.

“ಬಾಗ್ಲು ದಾಟುದ್ರೆ ವಾಸಿಯಾಗೋ ಕಾಯಿಲೆ ನಾನೆಲ್ಲೂ ಕಂಡಿಲ್ಲ ಕಣಪ್ಪ. ಅವ್ಳಿಗೆ ಆಗ್ದೇ ಇರೋದು ಮನೆಯೊಳಗಿರೋರು.”

“ಯಾರು ಅಂತ ಹೆಸ್ರು ಹೇಳ್ಬಿಡಿ ಅತ್ತೆ,” ಅಂದಳು ಅಮ್ಮ.

“ಹೆಸ್ರು ಯಾಕೆ. ಇರೋದೇ ನಾಕು ಜನ.”

“ಅವ್ವ, ಬಿಡು. ಸರೋಜ, ನೀನೂ ಬಿಡು,” ಅಂದ ಅಪ್ಪ. ದಿನವಿಡೀ ಬಸ್ಸಿನಲ್ಲಿ ನೂರಾರು ಜನಕ್ಕೆ ‘ಒಳಗೆ ನಡೀರಿ, ಒಳಗೆ ನಡೀರಿ’ ಎಂದು ಕೂಗುವವನು ಮನೆಯಲ್ಲಿ ತಾನೇ ಫುಟ್‌ಬೋರ್ಡಿನ ಮೇಲೆ ನಿಂತಿರುತ್ತಿದ್ದ. ಮಾತು ಬಿಸಿಯಾದರೆ ಇಳಿದು ಡ್ಯೂಟಿಗೆ ಹೋಗುತ್ತಿದ್ದ. ಆದರೆ ಆ ಸಲ ಹೋಗುವ ಮುಂಚೆ ಅಮ್ಮನನ್ನು ಒಂದು ಥರ ನೋಡಿದ. ಪಾಸ್ ಹಳೆಯದೋ ಹೊಸದೋ ಎಂದು ಅನುಮಾನ ಬಂದಾಗ ನೋಡುವ ನೋಟ ಅದು. ಅಮ್ಮನಿಗೂ ಅದು ಕಂಡಿತು. ಆವತ್ತಿನಿಂದ ಅವಳು ಉಬ್ಬಸ ಬಂದರೆ ಹೇಳುವುದನ್ನು ಬಿಟ್ಟಳು. ಕುಕ್ಕರ್ ಕೂಗುವವರೆಗೆ ಕಾದು, ಆ ಸದ್ದಿನ ಮರೆಯಲ್ಲಿ ಕೆಮ್ಮಿಕೊಳ್ಳುತ್ತಿದ್ದಳು.

ನಾನೇನು ಮಾಡಿದೆ? ಐಟಂ ಮಾಡಿದೆ. ಅಜ್ಜಿಯ ಮುಂದೆ ಟವೆಲ್ಲನ್ನು ಸೆರಗು ಮಾಡಿಕೊಂಡು, ಗೂರುತ್ತ ಗೂರುತ್ತ ಹೊಸ್ತಿಲ ತನಕ ಹೋಗಿ, ಹೊಸ್ತಿಲು ದಾಟಿದ ಕೂಡಲೇ ಸೆರಗು ಕೊಡವಿ, ‘ಏನಿಲ್ಲಪ್ಪ, ನಾನು ಚೆನ್ನಾಗೇ ಇದೀನಿ’ ಎಂದು ಅಮ್ಮನ ದನಿಯಲ್ಲಿ ಹೇಳುವುದು. ಅಜ್ಜಿ ನಕ್ಕು ನಕ್ಕು ಎಲೆಅಡಿಕೆ ನೆತ್ತಿಗೇರಿಸಿಕೊಂಡಳು. ಇನ್ನೊಂದು ಸಲ ಮಾಡಲೆಂದು ತಿರುಗಿದರೆ ಅಮ್ಮ ಕೊಡ ಸೊಂಟದಲ್ಲಿಟ್ಟುಕೊಂಡು ಸಂದಿಯಲ್ಲಿ ನಿಂತಿದ್ದಳು. ಹೊಡೆದಿದ್ದರೆ ಚೆನ್ನಾಗಿತ್ತು.

“ಚೆನ್ನಾಗಿ ಮಾಡ್ತೀಯ,” ಅಂದಳು. “ಆದ್ರೆ ಉಸಿರು ಎಳ್ಕೊಳ್ಳೋವಾಗಲ್ಲ, ಬಿಡೋವಾಗ ಸಿಳ್ಳೆ ಬರೋದು. ಸರಿ ಮಾಡ್ಕೋ.”

ನಾಚಿಕೆಗೇಡಿ ನಾನು, ಸರಿ ಮಾಡಿಕೊಂಡೆ.

ಆ ಚಳಿಗಾಲದ ಒಂದು ಭಾನುವಾರ ಅಮ್ಮನಿಗೆ ನೆಗಡಿಯೂ ಸೇರಿಕೊಂಡಿತು. ಅಜ್ಜಿ ನಡುಮನೆಯಲ್ಲಿ ಕುದಿಯುವ ನೀರಿನ ಪಾತ್ರೆ ಇಟ್ಟು, ಹನಿ ಎಣಿಸದೆ ಸೀಸೆ ಬಗ್ಗಿಸಿ, ಅಮ್ಮನನ್ನು ಅದರ ಮುಂದೆ ಕೂರಿಸಿ ಕಂಬಳಿ ಮುಚ್ಚಿದಳು. ಹಬೆ ಸೋರಬಾರದೆಂದು ಕಂಬಳಿಯ ಅಂಚನ್ನು ಮಂಡಿಯಿಂದ ಒತ್ತಿ ಹಿಡಿದಳು. “ಒಳಕ್ಕೆ ತಗೋ. ಇನ್ನೂ ತಗೋ,” ಎನ್ನುತ್ತಿದ್ದಳು. ಒಳಗಿನಿಂದ ಸಿಳ್ಳೆ ಕೇಳುತ್ತಿತ್ತು. ಅಪ್ಪ ಮುಂದಿನ ಕೋಣೆಯಲ್ಲಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಕಂಬಳಿಯಿಂದ ಅಮ್ಮನ ಕೈ ಹೊರಬಂದು ನೆಲವನ್ನು ಬಡಿಯಿತು. “ಕಫ ಕರಗ್ತಾ ಐತೆ, ತಡ್ಕೋ,” ಅಂದಳು ಅಜ್ಜಿ. ಆಗ ಸಿಳ್ಳೆ ನಿಂತಿತು. ಅಜ್ಜಿಗೆ ಸಮಾಧಾನವಾಯಿತು, ನನಗಲ್ಲ. ಆ ಉಸಿರನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವನು ನಾನು. ಸಿಳ್ಳೆ ಹಾಗೆ ಮಧ್ಯದಲ್ಲಿ ನಿಲ್ಲುವುದಿಲ್ಲ. ಇಳಿದು ಇಳಿದು ನಿಲ್ಲಬೇಕು. ಹೋಗಿ ಕಂಬಳಿ ಕಿತ್ತೆಳೆದೆ. ಪಾತ್ರೆ ಉರುಳಿ ನೀರು ನೆಲದ ತುಂಬ ಹರಿಯಿತು, ಅಜ್ಜಿಯ ಏಟು ಕೆನ್ನೆಗೆ ಬಿತ್ತು. ಅಮ್ಮನ ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗಿತ್ತು. ಅಪ್ಪ ಪಾಲಿಶ್ ಕೈಯಲ್ಲೇ ಅವಳನ್ನು ಎತ್ತಿಕೊಂಡು ಸಂದಿಗೆ ಓಡಿದ.

ತಿರುವಿನ ಕ್ಲಿನಿಕ್ ಭಾನುವಾರ ಮುಚ್ಚಿತ್ತು. ಆಟೋದವನು ಜಯನಗರದಲ್ಲಿ ಒಬ್ಬ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದ. ಆಟೋ ಗಾಳಿಗೆ ದಾರಿಯಲ್ಲೇ ಅಮ್ಮನ ಬಣ್ಣ ಮರಳಿತು. ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಸುಸ್ತು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಪ್ಪ ಮತ್ತೆ ಆ ಪಾಸ್ ನೋಡುವ ನೋಟ ನೋಡಿದ.

“ಉಸಿರಾಡೋವಾಗ ಶಬ್ದ ಬರುತ್ತಾ?” ಡಾಕ್ಟರು ಕೇಳಿದರು.

“ಬರುತ್ತೆ ಮೇಡಂ.”

“ಹೇಗೆ?”

ಅಮ್ಮ ಎದೆಯ ಮೇಲೆ ಕೈ ಇಟ್ಟು ತೋರಿಸಿದಳು. ತನ್ನ ಉಸಿರನ್ನು ತಾನೇ ಹೇಗೆ ವರ್ಣಿಸುವುದು? ನನ್ನ ಬಾಯಿ ನನ್ನನ್ನು ಕೇಳದೆ ಶುರು ಮಾಡಿತು. ಭುಜ ಏರಿಸಿ, ಕತ್ತು ಬಿಗಿದು, ಬಿಡುವಾಗ ಸಿಳ್ಳೆ.

“ಏಯ್ ಮಂಜ, ಇದೇನು ಸ್ಕೂಲ್ ಡೇನಾ. ಸುಮ್ನಿರು,” ಅಂದ ಅಪ್ಪ.

“ಇರಿ ಸಾರ್. ಇನ್ನೊಂದ್ಸಲ ಮಾಡು ಪುಟ್ಟ.” ಡಾಕ್ಟರು ಪೆನ್ನು ಕೆಳಗಿಟ್ಟರು. “ಬಿಡೋವಾಗ್ಲೇನಾ ಬರೋದು? ಸರಿ. ಇದು ಹೇಗೆ ಶುರುವಾಗುತ್ತೆ? ಬೆಳಿಗ್ಗೆ ಎದ್ದಾಗಿನಿಂದ ಮಾಡು.”

ನನ್ನ ಜೀವನದಲ್ಲಿ ದೊಡ್ಡವರೊಬ್ಬರು ‘ಮಾಡು’ ಎಂದದ್ದು ಅದೇ ಮೊದಲು. ಮಾಡಿದೆ. ನಲ್ಲಿಯ ಗೊರಗೊರ, ಅಪ್ಪನ ಗಂಟಲು ಕ್ಯಾಕರಿಕೆ, ಅಜ್ಜಿಯ ‘ಏಳ್ಲಾ ಮಂಜ’, ಬಕೆಟ್ಟು ಎಳೆಯುವ ಕರಕರ, ಪಟ್, ನೆಲ ಒರೆಸುವ ಬಟ್ಟೆ, ಲಟ್ಟಣಿಗೆ, ಸಿಳ್ಳೆ. ಬೇರೆ ದಿನದ್ದು ಮಾಡು ಎಂದರು. ಅಜ್ಜಿಯ ಮಂಡಿನೋವು, ಪಟ್, ಟೀವಿಯ ವಾರ್ತೆ, ಅಮ್ಮನ ಕೆಮ್ಮು, ಸಿಳ್ಳೆ. ಇವತ್ತಿನದನ್ನೂ ಮಾಡಿದೆ, ಸಿಳ್ಳೆ ನಿಂತ ಜಾಗದವರೆಗೆ.

“ಆ ಪಟ್ ಅಂತೀಯಲ್ಲ, ಏನದು?”

“ಅಜ್ಜಿ ನೀಲಗಿರಿ ಎಣ್ಣೆ ಸೀಸೆ ತೆಗೆಯೋದು ಮೇಡಂ.”

“ಪ್ರತಿ ಸಲಾನೂ ಸಿಳ್ಳೆಗಿಂತ ಮುಂಚೆ ಬರ್ತಿದೆ. ಬೇಕಂತ ಹಾಕ್ತಿದೀಯಾ?”

ಇಲ್ಲವೆಂದು ತಲೆಯಾಡಿಸಿದೆ. ನಾನು ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಮಾಡಿದ್ದೆ, ಅಷ್ಟೆ. ಡಾಕ್ಟರು ಅಮ್ಮನ ಕೈಗೊಂದು ಕೊಳವೆ ಕೊಟ್ಟು ಊದಿಸಿ ನೋಡಿ, ಅಪ್ಪನ ಕಡೆ ತಿರುಗಿದರು.

“ಎಣ್ಣೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ ಸಾರ್. ಎಷ್ಟೋ ಜನಕ್ಕೆ ಹಿತ ಅನ್ಸುತ್ತೆ. ಕೆಲವರಿಗೆ ಆ ಘಾಟಿಗೇ ಉಸಿರಿನ ಕೊಳವೆ ಬಿಗಿದುಕೊಳ್ಳುತ್ತೆ. ಇವರದ್ದು ಆಸ್ತಮಾ. ಮನೆ ಬಿಟ್ಟು ಆಚೆ ಬಂದ್ರೆ ಸರಿ ಹೋಗೋದು ಅದಕ್ಕೇ ಇರಬೇಕು. ಮನೇಲಿ ಪೂರ್ತಿ ನಿಲ್ಸಿ. ಈ ಪಫ್ ಇಟ್ಕೊಳ್ಳಿ, ಉಬ್ಬಸ ಬಂದ್ರೆ ಬಾಯಿಗಿಟ್ಟು ಒತ್ತಿ ಎರಡು ಸಲ ಎಳ್ಕೊಳ್ಳಿ.”

ಅಮ್ಮ ಅಪ್ಪನನ್ನೇ ನೋಡಿದಳು. ಅಪ್ಪ ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರವನ್ನು ಹೊಸ ರೂಟಿನ ನಕ್ಷೆ ನೋಡುವ ಹಾಗೆ ನೋಡುತ್ತಿದ್ದ.

ವಾಪಸ್ ಬರುವಾಗ ಆಟೋದಲ್ಲಿ ಅಮ್ಮ ಕೇಳಿದಳು, “ಅತ್ತೆಗೆ ನೀವು ಹೇಳ್ತೀರೋ, ನಾನು ಹೇಳ್ಲೋ?”

“ಸಮಯ ನೋಡಿ ಹೇಳ್ತೀನಿ.”

ಮೂರು ದಿನ ಸಮಯ ಬರಲಿಲ್ಲ. ಬೆಳಿಗ್ಗೆ ಪಟ್ ಎಂದ ಕೂಡಲೇ ಅಮ್ಮ ಕೊಡ ತೆಗೆದುಕೊಂಡು ನಲ್ಲಿಗೆ ಹೋಗಿ, ನೆಲ ಒಣಗುವವರೆಗೆ ಚಳಿಯಲ್ಲಿ ನಿಲ್ಲುತ್ತಿದ್ದಳು. ಒಳಗೆ ಬಂದರೆ ಮತ್ತೆ ಕೆಮ್ಮು. ಪಫ್ ಡಬ್ಬಿ ಒಡೆಯದೆ ಟೀವಿಯ ಮೇಲಿತ್ತು; ಅದು ಅಭ್ಯಾಸವಾದರೆ ಬಿಡಿಸಲಾಗದು ಎಂದು ಡಿಪೋದಲ್ಲಿ ಯಾರೋ ಅಪ್ಪನಿಗೆ ಹೇಳಿದ್ದರು. ನಾಲ್ಕನೆಯ ದಿನ ಸಂಜೆ ಅಜ್ಜಿ ಅವರೆಕಾಳು ಹಿದುಕುತ್ತ ಕೂತಿದ್ದಾಗ ನಾನೇ ಎದುರು ಕೂತು, ಡಾಕ್ಟರ ದನಿಯಲ್ಲಿ, ಒಂದಕ್ಷರ ಬಿಡದೆ ಹೇಳಿದೆ. ಅಜ್ಜಿ ಕಾಳು ಹಿದುಕುವುದನ್ನು ನಿಲ್ಲಿಸಲಿಲ್ಲ.

“ಇದ್ರಲ್ಲಿ ಡಾಕ್ಟ್ರಮ್ಮ ಹೇಳಿದ್ದೆಷ್ಟು, ನೀನು ಸೇರ್ಸಿದ್ದೆಷ್ಟು?”

“ಎಲ್ಲ ಅವ್ರೇ ಹೇಳಿದ್ದು ಅಜ್ಜಿ.”

“ಸೆರಗು ಕೊಡವ್ಕೊಂಡು ನಿಮ್ಮಮ್ಮನಂಗೆ ಕುಣಿದ್ಯಲ್ಲ, ಅದೂ ನಿಜವೇನ್ಲಾ?”

ಎಲ್ಲರ ದನಿಯೂ ಬರುತ್ತಿದ್ದ ನಾನು ಒಂದು ಅವರೆಕಾಳು ಎತ್ತಿಕೊಂಡು ಹಿದುಕತೊಡಗಿದೆ. ಅಷ್ಟರಲ್ಲಿ ಅಪ್ಪ ಡ್ಯೂಟಿ ಮುಗಿಸಿ ಬಂದ. ಅಜ್ಜಿ ಅವನನ್ನು ಕೇಳಿದಳು, “ಡಾಕ್ಟ್ರಮ್ಮ ಎಣ್ಣೆ ನಿಲ್ಸಿ ಅಂದ್ಳಂತೆ, ಹೌದಾ?” ಅಪ್ಪ ಚೀಲ ಇಳಿಸಿ, “ಹೌದವ್ವ,” ಅಂದ.

“ನಿನ್ನ ಉಳಿಸಿದ್ದು ಅದೇ ಎಣ್ಣೆ.”

“ಗೊತ್ತವ್ವ.”

“ಗೊತ್ತಿದ್ದೂ ಹೇಳ್ತಾ ಇದೀಯ.”

ಎದ್ದು ಸೀಸೆಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು. ರಾತ್ರಿ ಹಿದುಕಿದ ಅವರೆಕಾಳಿನ ಸಾರು. ನಾಲ್ವರಿಗೂ ಪ್ರಾಣವಾಗಿದ್ದ ಸಾರನ್ನು ನಾಲ್ವರೂ ಮದ್ದು ಕುಡಿದ ಹಾಗೆ ಉಂಡೆವು. ನಂತರ ಹತ್ತು ಹನ್ನೆರಡು ದಿನ ಅಮ್ಮನಿಗೆ ಏನೂ ಆಗಲಿಲ್ಲ. ಎರಡೆರಡು ಕೊಡ ನೀರು ಹೊತ್ತಳು, ಮಂಚ ಸರಿಸಿ ಗುಡಿಸಿದಳು, ಒಂದು ದಿನ ನನ್ನನ್ನು ಪೊರಕೆ ಹಿಡಿದು ಸಂದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಬಂದಳು. ಅಜ್ಜಿ ಗೋಡೆಗೆ ಒರಗಿ ನೋಡುತ್ತಿದ್ದಳು. ಸೊಸೆ ಸಲೀಸಾಗಿ ಬಿಡುವ ಒಂದೊಂದು ಉಸಿರೂ ಅವಳ ಪಾಲಿಗೆ ಚುಚ್ಚುಮಾತಿನಂತಿತ್ತು. “ಚಳಿ ಕಮ್ಮಿಯಾಯ್ತಲ್ಲ, ಅದಕ್ಕೆ,” ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದೆ. ಅಪ್ಪ ಡ್ಯೂಟಿಯಲ್ಲಿದ್ದ, ಅಮ್ಮ ರೇಷನ್ ಅಂಗಡಿಗೆ ಹೋಗಿದ್ದಳು. ನಡುಮನೆಯಿಂದ ಪಟ್ ಎಂದು ಕೇಳಿತು, ಈ ಸಲ ನನ್ನ ಬಾಯಿಂದಲ್ಲ. ಬಕೆಟ್ಟಿನ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿತ್ತು.

“ಏನ್ಲಾ ನೋಡ್ತೀಯ. ಚೂರೇ ಹಾಕಿರೋದು. ಎಣ್ಣೆನೋ ಚಳಿನೋ ಗೊತ್ತಾಗ್ಲಿ. ಅವ್ಳು ಬಂದಾಗ ಬಾಯಿ ಬಿಡ್ಬೇಡ.”

ರೇಷನ್ ಅಂಗಡಿ ಎರಡು ನಿಮಿಷದ ದಾರಿ. ಓಡಿಹೋಗಿ ಅಮ್ಮನನ್ನು ತಡೆಯಬಹುದಿತ್ತು. ತಡೆಯಲಿಲ್ಲ. ಏಟಿಗೆ ಹೆದರಿ ಎಂದು ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ, ಸುಳ್ಳು. ನನಗೂ ನೋಡಬೇಕಿತ್ತು. ಆ ಸೆರಗು ಕೊಡವುವ ಐಟಂ ಅಷ್ಟು ಚೆನ್ನಾಗಿ ಮಾಡುತ್ತಿದ್ದೆನಲ್ಲ, ಮಾಡಿ ಮಾಡಿ ಅರ್ಧ ನಾನೇ ನಂಬಿದ್ದೆ. ಅಜ್ಜಿ ನೆಲ ಒರೆಸಿ ಮುಗಿಸಿದಳು. ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ಟೀವಿಯ ಮುಂದೆ ಕೂತೆವು. ಟೀವಿ ಹಚ್ಚಿರಲಿಲ್ಲ.

ಅಮ್ಮ ಬಂದಳು. ಭಾರದ ಚೀಲ ಹಿಡಿದು ನಮ್ಮನ್ನು ದಾಟಿ ಅಡುಗೆಮನೆಗೆ ಹೋದಳು. ಡಬ್ಬಕ್ಕೆ ಗೋಧಿ ಸುರಿಯುವ ಸದ್ದು ಬಂತು. ಸದ್ದು ಅರ್ಧಕ್ಕೆ ನಿಂತಿತು. ಒಂದು ಕೆಮ್ಮು. ಅಜ್ಜಿ ನನ್ನ ಕಡೆ ನೋಡಲಿಲ್ಲ, ನಾನು ಅವಳ ಕಡೆ ನೋಡಲಿಲ್ಲ. ಇನ್ನೊಂದು ಕೆಮ್ಮು, ಆಮೇಲೆ ಸಿಳ್ಳೆ, ಬಿಡುವಾಗ. ಯಾರೂ ನೋಡದ ಜಾಗದಲ್ಲಿ, ಗೋಡೆಯ ಕಡೆ ಮುಖ ಮಾಡಿ ನಿಂತವಳು ಯಾರಿಗಾಗಿ ನಾಟಕ ಮಾಡುತ್ತಾಳೆ?

“ಮಂಜ, ಆ ಪಂಪು ತಗೋ,” ಅಂದಳು ಅಜ್ಜಿ. ಅವಳೇ ಎದ್ದು ಮುಂದಿನ ಬಾಗಿಲು, ಕಿಟಕಿ ತೆರೆದಳು, ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿದಳು. ನಾನು ಪಫ್ ಡಬ್ಬಿ ಹರಿದೆ. ಮೊದಲನೆಯದು ಗಾಳಿಗೆ ಹೋಯಿತು, ಎರಡನೆಯದು ಅರ್ಧ ಬಾಯಿಗೆ, ಮೂರನೆಯದು ಸರಿಯಾಗಿ. ಅಮ್ಮನ ಕೈ ಹೆಗಲಮೇಲೆ ಹಾಕಿಕೊಂಡು ಮೂರು ಕೋಣೆ ದಾಟಿಸಿ ಮುಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿದೆ. ಅವಳು ಕಣ್ಣು ಮುಚ್ಚಿ ಬಗ್ಗಿ ಕೂತಳು. ಬೆನ್ನು ಬಿಲ್ಲಿನ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು.

ಅಜ್ಜಿ ಅಭ್ಯಾಸಬಲದಿಂದ ಬೆನ್ನು ಉಜ್ಜಲು ಬಂದಳು. ಕೈ ಇನ್ನೇನು ತಾಗಬೇಕು, ನಿಂತಿತು. ಅಂಗೈಯನ್ನು ಮೂಗಿಗೆ ಹಿಡಿದು ನೋಡಿದಳು. ನಲ್ಲಿಗೆ ಹೋಗಿ ಸೀಗೆಪುಡಿ ಹಾಕಿ ತೊಳೆದು ಬಂದು ನನ್ನ ಮುಖದ ಮುಂದೆ ಎರಡೂ ಕೈ ಚಾಚಿದಳು.

“ಐತಾ ನೋಡು.”

“ಇದೆ ಅಜ್ಜಿ.”

ಹುಣಸೆಹಣ್ಣು ಕಿವುಚಿ ತೊಳೆದಳು. “ಈಗ?”

“ಇದೆ.”

ಪಾತ್ರೆ ಬೆಳಗುವ ಪುಡಿ ಮತ್ತು ತೆಂಗಿನ ನಾರು ತೆಗೆದುಕೊಂಡು, ತಳ ಹಿಡಿದ ಪಾತ್ರೆ ಉಜ್ಜುವ ಹಾಗೆ ಉಜ್ಜಿದಳು. ಮೊಣಕೈವರೆಗೆ ಕೆಂಪಾಯಿತು. ಮತ್ತೆ ಚಾಚಿದಳು, ಕೇಳಲಿಲ್ಲ. ವಾರಕ್ಕೆ ಮೂರು ಸುಳ್ಳು ಸಲೀಸಾಗಿ ಹೇಳುತ್ತಿದ್ದ ನಾನು ಅಲ್ಲೊಂದು ಹೇಳಬಹುದಿತ್ತು. ಮೂಗು ಹತ್ತಿರ ಒಯ್ದೆ. ವರ್ಷಗಟ್ಟಲೆ ಆ ಕೈಗಳಿಗೆ ಇಳಿದಿದ್ದು ಒಂದು ಮಧ್ಯಾಹ್ನಕ್ಕೆ ಹೋಗುವುದಾಗಿರಲಿಲ್ಲ.

“ಇನ್ನೂ ಸ್ವಲ್ಪ ಇದೆ ಅಜ್ಜಿ.”

ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದು, ಎದುರುಮನೆಯ ಗೋಡೆಗೆ ಆತು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳು.

“ನೀನು ಉಜ್ಜು. ನಾನು ಉಜ್ಜೋ ಹಂಗೆ ಉಜ್ಜು. ಎಲ್ರಂಗೂ ಮಾಡ್ತೀಯಲ್ಲ.”

ಅಮ್ಮನ ಹಿಂದೆ ಕೂತೆ. ಎರಡು ಹೆಬ್ಬೆರಳು ಬೆನ್ನುಮೂಳೆಯ ಎರಡು ಬದಿಗೆ, ಕೆಳಗಿನಿಂದ ಮೇಲಕ್ಕೆ, ರೆಕ್ಕೆಮೂಳೆಯ ಹತ್ತಿರ ಒಂದು ಸುತ್ತು, ಆಮೇಲೆ ಅಂಗೈಯಿಂದ ನಿಧಾನವಾಗಿ ಕೆಳಕ್ಕೆ. ಅಜ್ಜಿಯ ಕೈಗೆ ಬರುವ ಸಣ್ಣ ನಡುಕವೂ ತಾನಾಗಿ ಬಂತು, ನಾನು ಅದನ್ನು ಸೇರಿಸಿರಲಿಲ್ಲ. ಸಿಳ್ಳೆ ಇಳಿಯುತ್ತ ಬಂತು. ಸಂದಿಯಲ್ಲಿ ಯಾರೋ ಕೊಡ ಇಟ್ಟು ಹೋದರು, ಸೈಕಲ್ಲೊಂದು ಹೋಯಿತು. ಅಮ್ಮ ಕಣ್ಣು ತೆರೆಯಲಿಲ್ಲ.

“ಇನ್ನೊಂಚೂರು ಮೇಲೆ, ಅತ್ತೆ,” ಅಂದಳು.

ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

“ಮೇಲಕ್ಕೆ ಅಂತಾವ್ಳೆ,” ಅಂದಳು ಅಜ್ಜಿ ಗೋಡೆಯ ಹತ್ತಿರದಿಂದ. “ಕೇಳುಸ್ಲಿಲ್ವೇನ್ಲಾ.”